ನೋವು ಸೊಂಟದಲ್ಲಿ, ಕಾರಣ ಬೇರೆಡೆ: ಅಡಿಕೆ ಸುಲಿತದ ಬೆನ್ನಿಗೆ ಆಸ್ಟಿಯೋಪಥಿ

ದೀಪಾವಳಿಯ ಹಿಂದುಮುಂದಿನಿಂದ ಸಂಕ್ರಾಂತಿ ದಾಟುವವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬರುವವರ ದೂರು ಹೆಚ್ಚುಕಡಿಮೆ ಒಂದೇ. “ಸೊಂಟ ಹಿಡ್ಕೊಂಡಿದೆ. ಕೂತ್ರೆ ಏಳೋಕಾಗಲ್ಲ, ಎದ್ದು ನಾಲ್ಕು ಹೆಜ್ಜೆ ಹಾಕಿದ್ರೆ ಪರವಾಗಿಲ್ಲ.” ಅದು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ರಾತ್ರಿಯೆಲ್ಲ ಕೂತ ಬೆನ್ನು. ಮೈ ಮುಂದಕ್ಕೆ ಬಾಗಿರುತ್ತದೆ, ಎರಡೂ ಕೈ ಕತ್ತಿಯ ಮೇಲೆ ಒತ್ತುತ್ತಿರುತ್ತವೆ, ಸುಲಿದ ಕಾಯಿ ಬುಟ್ಟಿಗೆ ಬೀಳುವಾಗೆಲ್ಲ ಸೊಂಟ ಒಂದೇ ಬದಿಗೆ ಚೂರು ತಿರುಗುತ್ತದೆ. ಇದು ಒಂದು ರಾತ್ರಿಗೆ ಮುಗಿಯುವ ಕೆಲಸವೂ ಅಲ್ಲ, ಕೊಯ್ಲು ಮುಗಿಯುವವರೆಗೂ ಇದೇ. ಇಂಥ ಬೆನ್ನಿಗೆ ಆಸ್ಟಿಯೋಪಥಿ ಎಂಬ ಕೈಚಿಕಿತ್ಸೆ ಮಾಡುವಾಗ ಮೊದಲಿನಿಂದ ಕೊನೆಯವರೆಗೆ ಏನೇನು ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಭೇಟಿಗೆ ಮುಕ್ಕಾಲರಿಂದ ಒಂದು ಗಂಟೆ ಬೇಕು, ಅದರಲ್ಲಿ ಅರ್ಧ ಮಾತಿಗೇ ಹೋಗುತ್ತದೆ. ಘಟ್ಟದ ದಾರಿಯಲ್ಲಿ ಎರಡು ಗಂಟೆ ಬಸ್ಸಿನಲ್ಲಿ ಕೂತು ಬಂದವರನ್ನು ಇಳಿದ ಕೂಡಲೇ ಪರೀಕ್ಷಿಸಬಾರದು. ಕೂತು ಮರಗಟ್ಟಿದ ಸೊಂಟ ಆಗ ಸುಳ್ಳು ಹೇಳುತ್ತದೆ. ಹತ್ತು ನಿಮಿಷ ಅಡ್ಡಾಡಿ ಬರಲಿ, ಆಮೇಲೆ ನೋಡಿದರೆ ನಿಜವಾದ ಬಿಗಿತ ಎಲ್ಲಿದೆ ಎಂದು ತಿಳಿಯುತ್ತದೆ.

ಮಾತಿನಲ್ಲಿ ಕೇಳುವ ಮೊದಲ ಪ್ರಶ್ನೆಗಳು ನೋವಿನ ಬಗ್ಗೆ ಅಲ್ಲ, ಕೈ ಇಡಬಹುದೋ ಇಲ್ಲವೋ ಎಂಬುದರ ಬಗ್ಗೆ. ಮೂತ್ರ ಕಟ್ಟುತ್ತಿದೆಯೇ, ಅಥವಾ ಗೊತ್ತಿಲ್ಲದೆ ಹೋಗುತ್ತಿದೆಯೇ? ತೊಡೆಸಂದಿ ಮತ್ತು ಗುದದ ಸುತ್ತ ಮರಗಟ್ಟಿದೆಯೇ? ಪಾದ ಎತ್ತಲು ಆಗದೆ ನೆಲಕ್ಕೆ ಉಜ್ಜುತ್ತಿದೆಯೇ? ಇವುಗಳಲ್ಲಿ ಒಂದಕ್ಕೆ ಹೌದೆಂದರೂ ಮೇಜಿನ ಮೇಲೆ ಮಲಗಿಸುವ ಮಾತೇ ಇಲ್ಲ. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಹೋಗಿರಬಹುದು, ಗಂಟೆಗಳ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಅಂದೇ ಹೋಗಬೇಕು, ನಾಳೆ ಬೆಳಿಗ್ಗೆಗೆ ಬಿಡಬಾರದು. ಕ್ಯಾನ್ಸರ್ ಇದ್ದವರು, ತೂಕ ಇಳಿಯುತ್ತಿರುವವರು, ಮಲಗಿದಾಗಲೂ ತಗ್ಗದ ರಾತ್ರಿನೋವಿನವರು, ಮರದಿಂದ ಬಿದ್ದವರು, ಉಬ್ಬಸಕ್ಕೆ ವರ್ಷಗಟ್ಟಲೆ ಸ್ಟಿರಾಯ್ಡ್ ನುಂಗಿ ಮೂಳೆ ಸವೆದವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಇವರ ವಿಷಯದಲ್ಲೂ ಮೊದಲು ವೈದ್ಯರ ತಪಾಸಣೆ ಆಗಬೇಕು.

ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಸಾಲು ಸೇರಿಸಲೇಬೇಕು, ಪಠ್ಯಪುಸ್ತಕಗಳಲ್ಲಿ ಅದು ಇರುವುದಿಲ್ಲ. ಜ್ವರದ ಜೊತೆ ಮೈಕೈ ನೋವೆಂದರೆ ಇಲ್ಲಿ ಬರೀ ಆಯಾಸವೆಂದು ತಿಳಿಯುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಡಿಸೆಂಬರಿನಿಂದ ಮೇವರೆಗೆ ಹೆಚ್ಚು, ಅಂದರೆ ಅಡಿಕೆ ಕೆಲಸದ ಜೊತೆಜೊತೆಗೇ ಅದರ ಕಾಲವೂ. ತಟ್ಟನೆ ಏರುವ ಜ್ವರ, ತಲೆನೋವು, ಸ್ನಾಯುಗಳಲ್ಲಿ ತಡೆಯಲಾಗದ ನೋವು ಅದರ ಆರಂಭ. ಮಳೆಗಾಲದಲ್ಲಿ ಗದ್ದೆ ತೋಟದ ನೀರಲ್ಲಿ ನಿಂತವರಿಗೆ ಇಲಿಜ್ವರ ಬಂದರೆ ಮೀನಖಂಡ ಮುಟ್ಟಿಸಿಕೊಳ್ಳಲಾರದಷ್ಟು ನೋಯುತ್ತದೆ. ಹಸಿಹಾಲು ಕುಡಿಯುವವರು, ದನದ ಕರು ಹಾಕಿಸುವವರು ಬ್ರೂಸೆಲ್ಲಾ ಸೋಂಕಿನಿಂದ ವಾರಗಟ್ಟಲೆ ಜ್ವರ ಬಂದುಹೋಗುತ್ತಾ ಬೆನ್ನು ಹಿಡಿದು ಬರಬಹುದು. ಬೆನ್ನುಮೂಳೆಯ ಕ್ಷಯವೂ ನಮ್ಮಲ್ಲಿ ಅಪರೂಪವಲ್ಲ. ಹಾಗಾಗಿ ಥರ್ಮಾಮೀಟರ್ ಮೇಜಿನ ಮೇಲೆಯೇ ಇರಬೇಕು. ಜ್ವರವಿದ್ದವರ ಬೆನ್ನನ್ನು ತಿಕ್ಕುವುದು, ತಿರುಗಿಸುವುದು ನಮ್ಮ ಕೆಲಸವಲ್ಲ. ಅವರು ಹೋಗಬೇಕಾದದ್ದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ.

ಇಷ್ಟೆಲ್ಲ ಕಳೆದು ಉಳಿದ ಬೆನ್ನೇ ಆಸ್ಟಿಯೋಪಥಿಯ ಕ್ಷೇತ್ರ, ಮತ್ತು ಬರುವ ಬೆನ್ನುಗಳಲ್ಲಿ ಬಹುಪಾಲು ಅಂಥವೇ.

ಈ ಪದ್ಧತಿಯನ್ನು ಶುರುಮಾಡಿದವರು ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್. 1828ರಲ್ಲಿ ಹುಟ್ಟಿದ ಸ್ಟಿಲ್ ಸ್ವತಃ ವೈದ್ಯರು. 1864ರಲ್ಲಿ ಅವರ ಮೂರು ಮಕ್ಕಳು ಮಿದುಳುಪೊರೆಯ ಉರಿಯೂತದಿಂದ ತೀರಿಕೊಂಡರು. ಪಾದರಸದ ಔಷಧಿ, ರಕ್ತ ಹರಿಸುವುದು ಇವೇ ಚಿಕಿತ್ಸೆಯಾಗಿದ್ದ ಕಾಲ ಅದು. ಔಷಧಿಗಳ ಮೇಲೆ ನಂಬಿಕೆ ಕಳೆದುಕೊಂಡ ಸ್ಟಿಲ್ ಮೂಳೆ, ಕೀಲುಗಳ ರಚನೆಯನ್ನು ಅಗೆದಗೆದು ಓದಿದರು, 1874ರಲ್ಲಿ ತಮ್ಮ ವಿಚಾರವನ್ನು ಮುಂದಿಟ್ಟರು, 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದರು. ಅವರ ಶಿಷ್ಯ ಲಿಟಲ್‌ಜಾನ್ 1917ರಲ್ಲಿ ಲಂಡನ್ನಿಗೆ ಇದನ್ನು ತಂದರು. ಎಲ್ಲ ಕಾಯಿಲೆಯ ಬೇರೂ ಬೆನ್ನಿನಲ್ಲಿದೆ ಎಂಬ ಸ್ಟಿಲ್ ಕಾಲದ ಹಟ ಇಂದು ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಉಳಿದು ಬಂದಿರುವ ತತ್ವಗಳು ಸರಳ: ಮೈ ಒಂದೇ ಘಟಕ, ತನ್ನನ್ನು ತಾನು ಸರಿಪಡಿಸಿಕೊಳ್ಳುವ ಶಕ್ತಿ ಅದಕ್ಕಿದೆ, ರಚನೆ ಮತ್ತು ಕೆಲಸ ಒಂದನ್ನೊಂದು ತಿದ್ದುತ್ತವೆ, ಚಿಕಿತ್ಸೆ ಈ ಮೂರನ್ನೂ ಆಧರಿಸಿರಬೇಕು.

ಕೇಳಲು ಇವು ಉಪದೇಶದಂತಿವೆ. ಸುಲಿತದ ಬೆನ್ನಿನ ಮೇಲೆ ಇಟ್ಟು ನೋಡಿದರೆ ಮಾತ್ರ ಇವುಗಳ ಬೆಲೆ ಗೊತ್ತಾಗುವುದು. ಸೊಂಟದ ಐದು ಮಣಿಗಳು ಬಾಗಲು ಒಳ್ಳೆಯವು, ತಿರುಗಲು ಅಲ್ಲ. ಒಂದೊಂದು ಮಣಿ ಒಂದು ಬದಿಗೆ ತಿರುಗುವುದು ಒಂದೆರಡು ಡಿಗ್ರಿ ಅಷ್ಟೇ. ಮೈ ತಿರುಗಿಸುವ ಕೆಲಸ ಪಕ್ಕೆಲುಬು ಜೋಡಿಸಿಕೊಂಡಿರುವ ಎದೆಭಾಗದ ಹನ್ನೆರಡು ಮಣಿಗಳದ್ದು ಮತ್ತು ಕೆಳಗೆ ತೊಡೆಕೀಲಿನದ್ದು. ರಾತ್ರಿಗಟ್ಟಲೆ ಗೂನಾಗಿ ಕೂತಾಗ ಎದೆಭಾಗ ಮರಗಟ್ಟುತ್ತದೆ. ಆದರೂ ಬುಟ್ಟಿಯ ಕಡೆ ತಿರುಗಲೇಬೇಕಲ್ಲ. ಕೂಡುಕುಟುಂಬದಲ್ಲಿ ಇಬ್ಬರು ಕೈಕಟ್ಟಿ ಕೂತರೆ ಉಳಿದೊಬ್ಬನ ಬೆನ್ನು ಮುರಿಯುವಂತೆ, ಆ ತಿರುವೆಲ್ಲ ಸೊಂಟದ ಕೊನೆಯ ಎರಡು ಮಣಿಗಳ ಮೇಲೆ ಬೀಳುತ್ತದೆ. ನೋಯುವುದು ಅಲ್ಲಿ, ಚಿಕಿತ್ಸೆ ಬೇಕಾದದ್ದು ಮೇಲೆ ಮತ್ತು ಕೆಳಗೆ. ನೋಯುವ ಜಾಗವನ್ನೇ ದಿನಾ ಒತ್ತಿಸಿಕೊಂಡು, ದಿನಾ ಅಷ್ಟು ಹೊತ್ತು ಹಾಯೆನಿಸಿಕೊಂಡು, ಮತ್ತೆ ನೋಯಿಸಿಕೊಳ್ಳುವವರ ಕಥೆ ಇಷ್ಟೇ.

ಪರೀಕ್ಷೆ ನಿಂತಲ್ಲಿಂದ ಶುರು. ಮಂಡಿ ಮಡಿಸದೆ ಮುಂದಕ್ಕೆ ಬಾಗಿಸಿ, ಬೆರಳ ತುದಿ ನೆಲದಿಂದ ಎಷ್ಟು ಸೆಂಟಿಮೀಟರ್ ಎಂದು ಟೇಪಿನಲ್ಲಿ ಅಳೆದು ಬರೆದಿಡುತ್ತೇನೆ. ಆಮೇಲೆ ಸ್ಟೂಲಿನ ಮೇಲೆ ಮಂಡಿ ಜೋಡಿಸಿ ಕೂರಿಸಿ, ಕೈ ಎದೆಗೆ ಕಟ್ಟಿಸಿ ಎಡಕ್ಕೂ ಬಲಕ್ಕೂ ತಿರುಗಿಸುವುದು. 45 ಡಿಗ್ರಿಯಷ್ಟಾದರೂ ತಿರುಗಬೇಕು. ಒಂದು ಬದಿಗೆ ಮೊದಲೇ ತಡೆದು ನಿಂತರೆ ಬುಟ್ಟಿ ಯಾವ ಕಡೆ ಇಡುತ್ತೀರಿ ಎಂದು ಕೇಳುವುದುಂಟು. ಉತ್ತರ ಬಹಳ ಸಲ ಹೊಂದುತ್ತದೆ. ಅಂಗಾತ ಮಲಗಿಸಿ ತೊಡೆಕೀಲನ್ನು ಒಳಕ್ಕೆ ಹೊರಕ್ಕೆ ತಿರುಗಿಸಿ ನೋಡಬೇಕು. ಕೊನೆಗೆ ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸುವ ಪರೀಕ್ಷೆ: ಹೆಬ್ಬೆರಳು ಗೋಡೆಯಿಂದ 10 ಸೆಂಟಿಮೀಟರ್ ದೂರವಿದ್ದರೂ ಮಂಡಿ ಗೋಡೆ ಮುಟ್ಟುವುದು ಒಳ್ಳೆಯ ಗುರುತು. ತೋಟದ ಬಸಿಗಾಲುವೆ ದಾಟುವಾಗ ಜಾರಿ ಕಾಲು ಉಳುಕಿಸಿಕೊಂಡು, ಊತ ಇಳಿದ ಮೇಲೆ ಮರೆತುಬಿಟ್ಟವರಲ್ಲಿ ಇದು 4-5ಕ್ಕೇ ನಿಲ್ಲುತ್ತದೆ. ಕಣಕಾಲು ಮಡಿಯದಿದ್ದರೆ ಕುಕ್ಕರಗಾಲಲ್ಲಿ ಕೂರುವಾಗ ಸೊಂಟ ಹಿಂದಕ್ಕೆ ಉರುಳಿ ಗೂನಾಗುತ್ತದೆ. ಹಳೆಯ ಉಳುಕು ಹೊಸ ಸೊಂಟನೋವಿಗೆ ಹೀಗೆ ಬಂದು ಸೇರುತ್ತದೆ.

ಇದಾದ ಮೇಲೆಯೇ ಬೆರಳಿನ ಕೆಲಸ. ಬೆನ್ನುಮೂಳೆಯ ಎರಡೂ ಬದಿ ನಾಲ್ಕು ಸಂಗತಿಗಳನ್ನು ಹುಡುಕಬೇಕು: ಅಂಗಾಂಶದ ಹದ ಬದಲಾಗಿದೆಯೇ, ಎರಡು ಬದಿ ಒಂದೇ ಸಮ ಇದೆಯೇ, ಚಲನೆ ಎಲ್ಲಿ ತಡೆಯುತ್ತದೆ, ಒತ್ತಿದರೆ ಎಲ್ಲಿ ನೋಯುತ್ತದೆ. ಅಂಗೈ ಹಿಂಬದಿಯನ್ನು ಮೆಲ್ಲಗೆ ಸರಿಸಿದರೆ ಬಿಸಿ, ಬೆವರು ತಿಳಿಯುತ್ತದೆ. ಬೆರಳ ಮೆತ್ತೆಯಿಂದ ಹಗುರವಾಗಿ ಒತ್ತಿದರೆ ಹೊಸದಾಗಿ ಹಿಡಿದ ಸ್ನಾಯು ನೀರುತುಂಬಿದಂತೆಯೂ ಹಳೆಯದು ಹಗ್ಗದಂತೆಯೂ ಸಿಗುತ್ತದೆ. ಜೋರಾಗಿ ಒತ್ತಿದಷ್ಟೂ ಬೆರಳಿಗೆ ತಿಳಿಯುವುದು ಕಡಿಮೆ, ಏಕೆಂದರೆ ಅಡಿಯಲ್ಲಿರುವ ಸ್ನಾಯು ಎದುರೊತ್ತುತ್ತದೆ. ಮಳೆಗಾಲದಲ್ಲಿ ತಣ್ಣಗಿನ ಕೈ ಇಟ್ಟರೂ ಅದೇ ಫಲ. ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು: ಬರೀ ಬೆರಳಿನಿಂದ ಯಾವ ಮಣಿ ತಡೆಯುತ್ತಿದೆ ಎಂದು ಹೇಳುವಾಗ ಇಬ್ಬರು ನುರಿತವರ ಉತ್ತರವೂ ಹಲವು ಸಲ ಕೂಡುವುದಿಲ್ಲ, ಅಧ್ಯಯನಗಳೇ ಇದನ್ನು ತೋರಿಸಿವೆ. ಒತ್ತಿದಾಗ ನೋಯುತ್ತದೋ ಇಲ್ಲವೋ ಎಂಬುದರಲ್ಲಿ ಒಮ್ಮತ ಹೆಚ್ಚು. ಟೇಪಿನ ಅಳತೆ ಬರೆದಿಡುವುದು ಅದಕ್ಕಾಗಿಯೇ. “ನಿಮ್ಮ ನಾಲ್ಕನೇ ಮಣಿ ಜಾರಿದೆ, ಕೂರಿಸಿಬಿಟ್ಟೆ” ಎಂದು ಹೇಳುವವರನ್ನು ನಂಬಬೇಡಿ. ಮಣಿ ಹಾಗೆ ಜಾರುವುದೂ ಇಲ್ಲ, ಒಂದು ತಳ್ಳಿಗೆ ಮರಳಿ ಕೂರುವುದೂ ಇಲ್ಲ.

ಚಿಕಿತ್ಸೆಯಲ್ಲಿ ಮೊದಲು ಬೋರಲು ಮಲಗಿಸಿ, ಹೊಟ್ಟೆಯಡಿ ದಿಂಬಿಟ್ಟು, ಬೆನ್ನಿನ ಉದ್ದನೆಯ ಸ್ನಾಯುಗಳನ್ನು ಮೂಳೆಯಿಂದ ಹೊರಬದಿಗೆ ನಿಧಾನ ಸರಿಸುವುದು. ಎಣ್ಣೆ ಬೇಡ, ಕೈ ಜಾರಿದರೆ ಹಿಡಿತ ಸಿಗುವುದಿಲ್ಲ. ಐದು ನಿಮಿಷ ಸಾಕು.

ಆಮೇಲೆ ಪಕ್ಕೆಲುಬು. ಅಂಗಾತ ಮಲಗಿದವರ ಬೆನ್ನಡಿ ಎರಡೂ ಕೈ ತೂರಿಸಿ, ನಡುಗೆರೆಯಿಂದ ನಾಲ್ಕೈದು ಸೆಂಟಿಮೀಟರ್ ಆಚೆ ಪಕ್ಕೆಲುಬು ಬಾಗುವ ಜಾಗಕ್ಕೆ ಬೆರಳ ತುದಿ ಕೊಡಬೇಕು. ಮುಂಗೈಯನ್ನು ಮೇಜಿಗೆ ಊರಿ ಬೆರಳನ್ನು ಸೂರಿನ ಕಡೆಗೆ ಎತ್ತಿ, ಚೂರು ಹೊರಕ್ಕೆ ಎಳೆದು, ಬಿಡಬೇಕು. ಉಸಿರಿನ ಲಯದಲ್ಲಿ ಒಂದೊಂದು ಬದಿಗೆ ಎರಡು ಮೂರು ನಿಮಿಷ. ಬೆರಳಿನ ಶಕ್ತಿಯಲ್ಲಿ ಎತ್ತಲು ಹೋದರೆ ಮಾಡುವವರ ಬೆರಳೂ ನೋಯುತ್ತದೆ, ಮಲಗಿದವರಿಗೂ ಚುಚ್ಚುತ್ತದೆ. ಮುಂಗೈಯೇ ಮೀಟುಗೋಲು. ಪಕ್ಕೆಲುಬಿನಂಚಿನ ಕೆಳಗೆ ಹೆಬ್ಬೆರಳಿಟ್ಟು, ಉಸಿರು ಬಿಡುವಾಗ ಹಿಂಬಾಲಿಸಿ, ಎಳೆದುಕೊಳ್ಳುವಾಗ ಹಗುರವಾಗಿ ತಡೆದು, ಎದೆ ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯುವಾದ ವಪೆಯನ್ನು ಸಡಿಲಿಸುವುದೂ ಇದೇ ಹೊತ್ತಿಗೆ. ಊಟವಾಗಿ ಎರಡು ಗಂಟೆ ಕಳೆದಿರಬೇಕು ಎಂದು ಹೇಳುವುದು ಇದಕ್ಕಾಗಿ.

ನನಗೆ ಅತ್ಯಂತ ಮೆಚ್ಚಿನ ಭಾಗ ಮುಂದಿನದು, ಮಲಗಿದವರ ಸ್ವಂತ ಬಲವನ್ನೇ ಬಳಸುವ ವಿಧಾನ. ಮಸಲ್ ಎನರ್ಜಿ ಎಂಬ ಈ ಕ್ರಮವನ್ನು ರೂಪಿಸಿದವರು ಫ್ರೆಡ್ ಮಿಚೆಲ್ ಎಂಬ ಅಮೆರಿಕದ ಆಸ್ಟಿಯೋಪತ್. ಸೊಂಟದ ಮಣಿಗಳ ಮುಂಬದಿಯಿಂದ ಹೊರಟು ತೊಡೆಗೆ ಸೇರುವ ಸೋಯಾಸ್ ಸ್ನಾಯು, ಗಂಟೆಗಟ್ಟಲೆ ಮಡಿಸಿ ಕೂತವರಲ್ಲಿ ಬಿಗಿಯುತ್ತದೆ. ಎದ್ದು ನಿಂತಾಗ ಸೊಂಟವನ್ನು ಮುಂದಕ್ಕೆ ಜಗ್ಗುತ್ತದೆ. ಮೇಜಿನ ತುದಿಗೆ ಬಂದು ಅಂಗಾತ ಮಲಗಿ, ಒಂದು ಮಂಡಿಯನ್ನು ಎದೆಗೆ ಅಪ್ಪಿ, ಇನ್ನೊಂದು ತೊಡೆಯನ್ನು ಇಳಿಬಿಡಬೇಕು. ಇಳಿಬಿಟ್ಟ ತೊಡೆಯ ಮೇಲೆ ನನ್ನ ಕೈ. ಅದನ್ನು ಮೇಲಕ್ಕೆ ಒತ್ತಬೇಕು, ಇದ್ದ ಬಲದಲ್ಲಿ ಐದನೇ ಒಂದು ಭಾಗ ಮಾತ್ರ, ಐದರಿಂದ ಏಳು ಸೆಕೆಂಡ್. ಬಿಟ್ಟು ಉಸಿರು ಚೆಲ್ಲಿದ ಮೇಲೆ ಎರಡು ಮೂರು ಸೆಕೆಂಡ್ ಕಾದರೆ ತೊಡೆ ತಾನಾಗಿ ಇನ್ನಷ್ಟು ಇಳಿಯುತ್ತದೆ. ಸಿಕ್ಕಷ್ಟನ್ನು ತೆಗೆದುಕೊಂಡು ಅಲ್ಲಿಂದ ಮತ್ತೆ. ಮೂರರಿಂದ ಐದು ಸಲ, ಅದಕ್ಕಿಂತ ಹೆಚ್ಚು ಬೇಡ. ಗದ್ದೆ ಕೆಲಸದ ಗಟ್ಟಿ ಮೈಯವರು “ನೋಡಿ ಹೇಗಿದೆ ಶಕ್ತಿ” ಎಂಬಂತೆ ಪೂರ್ತಿ ಬಲ ಹಾಕಿಬಿಡುತ್ತಾರೆ. ಆಗ ಅಕ್ಕಪಕ್ಕದ ಸ್ನಾಯುಗಳೆಲ್ಲ ನುಗ್ಗಿ, ಬೇಕಾದ ಸ್ನಾಯು ಸಡಿಲವಾಗುವುದೇ ಇಲ್ಲ. ಅಪ್ಪಿದ ಮಂಡಿ ಸಡಿಲವಾಗಿ ಸೊಂಟ ಮೇಜಿನಿಂದ ಎದ್ದರೂ ಸೆಳೆತ ಬೀಳುವುದು ಸೊಂಟದ ಮೇಲೆಯೇ.

ತೀರಾ ಹೊಸದಾಗಿ ಹಿಡಿದು, ಮುಟ್ಟಿದರೆ ಚೀರುವಂಥ ಬೆನ್ನಿಗೆ ಎಳೆಯುವ ಯಾವ ಕ್ರಮವೂ ಆಗದು. ಅಲ್ಲಿ ತದ್ವಿರುದ್ಧವಾಗಿ, ನೋಯುವ ಬಿಂದುವಿನ ಮೇಲೆ ಬೆರಳಿಟ್ಟು ಆ ಸ್ನಾಯು ಗಿಡ್ಡವಾಗುವಂತೆ ಮೈಯನ್ನು ಮಡಿಸುತ್ತಾ ಹೋಗುವುದು. ಹತ್ತರಷ್ಟಿದ್ದ ನೋವು ಮೂರಕ್ಕಿಂತ ಕೆಳಗಿಳಿದ ಭಂಗಿಯಲ್ಲಿ 90 ಸೆಕೆಂಡ್ ಹಾಗೆಯೇ ಹಿಡಿದು, ಬಹಳ ನಿಧಾನವಾಗಿ ಮರಳಿಸಬೇಕು. ಮರಳಿಸುವಾಗ ಅವಸರಪಟ್ಟರೆ ಸ್ನಾಯು ಮತ್ತೆ ಹಿಡಿದುಕೊಳ್ಳುತ್ತದೆ, ಮಾಡಿದ್ದೆಲ್ಲ ವ್ಯರ್ಥ.

“ಲಟಕ್” ಶಬ್ದದ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೀಲಿನ ಸಡಿಲವನ್ನೆಲ್ಲ ತೆಗೆದು, ಕೊನೆಯಲ್ಲಿ ಅತಿ ಚಿಕ್ಕದಾದ, ವೇಗದ ಒಂದು ತಳ್ಳು ಕೊಟ್ಟಾಗ ಕೀಲಿನೊಳಗಿನ ದ್ರವದಲ್ಲಿ ಗಾಳಿಯ ಗುಳ್ಳೆ ಮೂಡಿ ಆ ಸದ್ದಾಗುತ್ತದೆ. ಮೂಳೆ ಸ್ವಸ್ಥಾನಕ್ಕೆ ಬಂದ ಸದ್ದಲ್ಲ ಅದು. ಸುಮಾರು 20 ನಿಮಿಷ ಅದೇ ಕೀಲು ಮತ್ತೆ ಸದ್ದು ಮಾಡುವುದೂ ಇಲ್ಲ. ಸದ್ದಿಲ್ಲದೆಯೂ ಚಲನೆ ಮರಳುತ್ತದೆ, ಸದ್ದಾಗಿಯೂ ಮರಳದೆ ಇರಬಹುದು. ಎದೆಭಾಗಕ್ಕೆ ಇದು ಕೆಲವರಿಗೆ ಒಳ್ಳೆಯ ಫಲ ಕೊಡುತ್ತದೆ. ಕುತ್ತಿಗೆಗೆ ನಾನು ಇದನ್ನು ಬಳಸುವುದಿಲ್ಲ. ಮಿದುಳಿಗೆ ರಕ್ತ ಒಯ್ಯುವ ಧಮನಿ ಕುತ್ತಿಗೆಯ ಮಣಿಗಳ ರಂಧ್ರಗಳೊಳಗೇ ಹಾದುಹೋಗುತ್ತದೆ. ಅದರ ಗೋಡೆ ಹರಿಯುವುದು ಅಪರೂಪವಾದರೂ, ಹರಿದರೆ ಪಾರ್ಶ್ವವಾಯು. ದೋಟಿ ಹಿಡಿದು ತಲೆ ಮೇಲೆತ್ತಿಯೇ ಕೆಲಸ ಮಾಡಿದ ಕುತ್ತಿಗೆಗೆ ಮೆಲ್ಲನೆಯ ವಿಧಾನಗಳಿಂದಲೇ ಸಾಕಷ್ಟು ಹಾಯೆನಿಸುವಾಗ ಆ ಅಪಾಯ ಏಕೆ ಬೇಕು? ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಚಿಸಿಕೊಳ್ಳುವುದನ್ನೂ ಬಿಡಿ ಎಂದೇ ಎಲ್ಲರಿಗೂ ಹೇಳುತ್ತೇನೆ.

ಎದ್ದ ಕೂಡಲೇ ಮತ್ತೆ ಬಾಗಿಸಿ, ಮತ್ತೆ ಟೇಪು. ಬೆರಳು ನೆಲಕ್ಕೆ ಹತ್ತಿರ ಬಂದಿದೆಯೇ, ತಿರುವು ಹೆಚ್ಚಿದೆಯೇ? ಬದಲಾಗದಿದ್ದರೆ ನನ್ನ ಊಹೆ ತಪ್ಪು, ಮುಂದಿನ ಸಲ ಬೇರೆ ಕಡೆ ಹುಡುಕಬೇಕು. ಆ ರಾತ್ರಿ ಮತ್ತು ಮರುದಿನ ಮೈ ನೋಯುವುದು ಸಹಜ, 48 ಗಂಟೆಯೊಳಗೆ ಇಳಿಯಬೇಕು. ಸಂಜೆ ಹಂಡೆಯ ಬಿಸಿನೀರು ಹುಯ್ದುಕೊಳ್ಳಬಹುದು, ಅಂದೇ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸುವುದು ಬೇಡ. ಬಸ್ಸಿನಲ್ಲಿ ದೂರ ಹೋಗುವವರು ಒಂದಿಷ್ಟು ಹೊತ್ತು ಓಡಾಡಿಯೇ ಹತ್ತಬೇಕು. ಕಾಲಿಗೆ ಇಳಿಯುವ ಹೊಸ ನೋವು, ಜೋಮು ಶುರುವಾದರೆ ಮುಂದಿನ ಸರದಿಗೆ ಕಾಯದೆ ವೈದ್ಯರ ಬಳಿ ಹೋಗಬೇಕು.

ಮೇಜಿನ ಮೇಲೆ ಗಳಿಸಿದ್ದು ಹೆಚ್ಚೆಂದರೆ ಕೆಲವು ದಿನ ಉಳಿಯುತ್ತದೆ. ಆ ದಿನಗಳಲ್ಲಿ ಕೂರುವ ರೀತಿ ಬದಲಾಗದಿದ್ದರೆ ಯಾವ ಕೈಚಳಕವೂ ನಿಲ್ಲದು. 20 ನಿಮಿಷ ಪೂರ್ತಿ ಬಾಗಿ ಕೂತರೆ ಬೆನ್ನಿನ ಅಸ್ಥಿರಜ್ಜುಗಳು ಹಿಗ್ಗಿಬಿಡುತ್ತವೆ. ಎದ್ದ ಮೇಲೆ ಒಂದೆರಡು ನಿಮಿಷದಲ್ಲಿ ಅರ್ಧದಷ್ಟು ಬಿಗಿ ಮರಳುತ್ತದೆ, ಪೂರ್ತಿ ಮರಳಲು ಅರ್ಧ ಗಂಟೆಗೂ ಹೆಚ್ಚು ಬೇಕು. ಸುಲಿಯುತ್ತಿದ್ದವರು ಥಟ್ಟನೆದ್ದು ತುಂಬಿದ ಬುಟ್ಟಿ ಎತ್ತಿ ಹಂಡೆಗೆ ಸುರಿಯಲು ಹೋದಾಗಲೇ ಸೊಂಟ ಹಿಡಿಯುವುದಕ್ಕೆ ಕಾರಣ ಇದು. ಅರ್ಧ ಗಂಟೆಗೊಮ್ಮೆ ಎದ್ದು, ಸೊಂಟಕ್ಕೆ ಕೈಕೊಟ್ಟು ಐದು ಸಲ ಹಿಂದಕ್ಕೆ ಬಾಗಿ, ನಾಲ್ಕು ಹೆಜ್ಜೆ ಹಾಕಬೇಕು. ಎದ್ದ ಮೇಲೆ ಕೆಲವು ನಿಮಿಷ ಭಾರ ಎತ್ತುವುದನ್ನು ಇನ್ನೊಬ್ಬರಿಗೆ ಬಿಡಬೇಕು. ಕೂರುವ ಜಾಗವನ್ನು ನಾಲ್ಕರಿಂದ ಆರು ಇಂಚು ಎತ್ತರಿಸಿ, ಮಂಡಿ ತೊಡೆಕೀಲಿಗಿಂತ ಮೇಲೆ ಹೋಗದಿರಲಿ. ಕೂರುವ ಮಣೆಯನ್ನು ಮಾತ್ರ ಎತ್ತರಿಸಿ ಮೆಟ್ಟುಗತ್ತಿಯನ್ನು ನೆಲದಲ್ಲೇ ಬಿಟ್ಟರೆ ಮೊದಲಿಗಿಂತ ಹೆಚ್ಚು ಬಾಗಬೇಕಾಗುತ್ತದೆ, ಬಹಳ ಮನೆಗಳಲ್ಲಿ ಆಗುವುದು ಹೀಗೆಯೇ. ಕತ್ತಿಯನ್ನೂ ಅಷ್ಟೇ ಎತ್ತರಿಸಿ, ಅಲುಗದಂತೆ ಭದ್ರಮಾಡಿ. ಬುಟ್ಟಿ ಮುಂದೆ ಇರಲಿ, ಜಾಗವಿಲ್ಲದಿದ್ದರೆ ದಿನ ಬಿಟ್ಟು ದಿನ ಬದಿ ಬದಲಿಸಿ. ಬೆಳಿಗ್ಗೆ ಎದ್ದ ಮೊದಲ ಒಂದು ಗಂಟೆ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ, ಬಾಗಿದರೆ ಒತ್ತಡ ಹೆಚ್ಚು. ಕೊಟ್ಟಿಗೆಯ ಸಗಣಿ ಬಾಚುವ ಕೆಲಸ ಸ್ವಲ್ಪ ತಡವಾಗಲಿ, ಅಥವಾ ಉದ್ದ ಹಿಡಿಯ ಸಲಕೆ ತನ್ನಿ.

ಇದರಿಂದ ಎಷ್ಟು ನಿರೀಕ್ಷಿಸಬಹುದು? ಹಳೆಯ ಸೊಂಟನೋವಿಗೆ ಕೈಚಿಕಿತ್ಸೆಯಿಂದ ಸಾಧಾರಣ ಮಟ್ಟದ ಉಪಶಮನ ಸಿಗುತ್ತದೆ ಎಂಬುದಕ್ಕೆ ಆಧಾರವಿದೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಇದನ್ನು ಒಪ್ಪುತ್ತದೆ, ಆದರೆ ವ್ಯಾಯಾಮದ ಜೊತೆಗಿದ್ದರೆ ಮಾತ್ರ. ತಲೆಬುರುಡೆಯ ಮೂಳೆಗಳನ್ನು ಹಗುರವಾಗಿ ಹಿಡಿದು ಮಾಡುವ ಚಿಕಿತ್ಸೆಗೆ, ಹೊಟ್ಟೆಯ ಅಂಗಗಳನ್ನು ಸರಿಸುವ ಚಿಕಿತ್ಸೆಗೆ ಆಧಾರ ಬಹಳ ದುರ್ಬಲ. ಸಕ್ಕರೆ ಕಾಯಿಲೆ, ಥೈರಾಯ್ಡ್, ಬಂಜೆತನ ವಾಸಿಮಾಡುತ್ತೇವೆ ಎನ್ನುವವರ ಬಳಿ ಹೋಗಲೇಬೇಡಿ. ಹಾಗಿದ್ದೂ ಜನ ಇದನ್ನು ಹುಡುಕಿ ಬರುತ್ತಾರೆಂದರೆ, ಎಂಆರ್‌ಐ ವರದಿಯನ್ನಷ್ಟೇ ನೋಡದೆ ಮೈಯನ್ನು ಮುಟ್ಟಿ, ಅಡಿಯಿಂದ ಮುಡಿಯವರೆಗೆ ಗಮನಿಸಿ, ಮುಕ್ಕಾಲು ಗಂಟೆ ಕೂತು ಕೇಳುವವರು ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ. ಆ ಗಮನಕ್ಕೂ ನೋವು ತಗ್ಗಿಸುವ ಗುಣವಿದೆ, ಅದನ್ನು ಕೀಳಾಗಿ ಕಾಣಬೇಕಿಲ್ಲ.

ಅಮೆರಿಕದಲ್ಲಿ ಆಸ್ಟಿಯೋಪಥಿ ಓದಿದವರು ಔಷಧಿ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ವೈದ್ಯರು. ಬ್ರಿಟನ್ನಿನಲ್ಲಿ 1993ರ ಕಾಯ್ದೆಯಡಿ ನೋಂದಾಯಿತರು. ನಮ್ಮಲ್ಲಿ ಇದನ್ನು ಮಾಡುವವರು ಹೆಚ್ಚಾಗಿ ಫಿಸಿಯೋಥೆರಪಿ ಓದಿ, ಆಮೇಲೆ ಈ ತರಬೇತಿ ಪಡೆದವರು. ಹಾಗಾಗಿ ಮೂಲ ಪದವಿ ಏನೆಂದು ಕೇಳುವುದರಲ್ಲಿ ಸಂಕೋಚ ಬೇಡ. ಜ್ವರ, ಮೂತ್ರ, ತೂಕದ ಬಗ್ಗೆ ಕೇಳದೆ ನೇರ ಮೇಜಿಗೆ ಮಲಗಿಸುವವರಿದ್ದರೆ ಎದ್ದು ಬನ್ನಿ. ಹತ್ತು ಹದಿನೈದು ಸಲದ ಹಣ ಮುಂಗಡ ಕೇಳುವವರೂ ಬೇಡ. ವಾರಕ್ಕೊಂದರಂತೆ ಮೂರು ನಾಲ್ಕು ಭೇಟಿ ಸಾಮಾನ್ಯವಾಗಿ ಸಾಕು, ಎರಡನೆಯದರಿಂದ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅಷ್ಟರಲ್ಲೂ ಟೇಪಿನ ಅಂಕಿ ಕದಲದಿದ್ದರೆ, ಮೊದಲ ದಿನದಿಂದ ಬರೆದಿಟ್ಟ ಅಳತೆಗಳು, ಮಾಡಿದ ವಿಧಾನಗಳು, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಸಿಕೊಂಡು ಮೂಳೆ ವೈದ್ಯರ ಬಳಿ ಹೋಗಿ.